ಬುಟ್ಟಿ ಯಾರ ಕೈಲಿರ್ಬೇಕು? ಹೋಮ್ ಡೆಲಿವರಿ ಬಗ್ಗೆ ನಿಮ್ಮ ಪ್ರಶ್ನೆಗಳು

ಸೂಪರ್‌ಮಾರ್ಕೆಟ್ ಸಾಮಾನು ಮನೆಗೇ ತರಿಸ್ಕೊಳ್ಳೋದು ಒಳ್ಳೇದಾ ಕೆಟ್ಟದ್ದಾ ಅಂತ ಈಚೆಗೆ ಬರ್ತಿರೋ ಪತ್ರ, ಮೆಸೇಜು ಎಷ್ಟಾಗಿವೆ ಅಂದ್ರೆ ಈ ಸಲದ ಪೂರ್ತಿ ಅಂಕಣ ಅದಕ್ಕೇ ಬಿಟ್ಟಿದೀನಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದಕ್ಕೆ ಉತ್ತರ ಬರೆದಿದೀನಿ, ನಿಮ್ಮದೇ ಮಾತು ಕಾಣ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಅಕ್ಕ, ನಾನು ಕೆಲಸಕ್ಕೆ ಹೋಗೋಳು, ಇಬ್ರು ಮಕ್ಕಳು. ಆರು ತಿಂಗಳಿಂದ ಮನೆ ಸಾಮಾನೆಲ್ಲ ಆ್ಯಪಲ್ಲೇ ಆರ್ಡರ್ ಮಾಡ್ತಿದೀನಿ, ಭಾನುವಾರ ಅರ್ಧ ದಿನ ಉಳಿಯುತ್ತೆ. ಆದ್ರೆ ನಮ್ಮನೆಯವ್ರು ಬಿಲ್ಲೆಲ್ಲ ಕೂಡಿಸಿ ನೋಡಿ ಮೊದಲಿಗಿಂತ ಜಾಸ್ತಿ ಆಗ್ತಿದೆ ಅಂತಾರೆ. ಡೆಲಿವರಿ ಫ್ರೀ ಬಂದಾಗ್ಲೇ ತಗೋತೀನಿ, ಆಫರ್ ನೋಡೇ ತಗೋತೀನಿ. ಹಾಗಾದ್ರೆ ದುಡ್ಡು ಎಲ್ಲಿ ಹೋಗ್ತಿದೆ? ಬಿಟ್ಟುಬಿಡ್ಲಾ?

ಉತ್ತರ: ಬಿಡ್ಬೇಡಿ. ಮೊದಲು ಆ ಭಾನುವಾರದ ಅರ್ಧ ದಿನಾನ ಲೆಕ್ಕಕ್ಕೆ ತಗೊಳ್ಳಿ, ಯಾಕಂದ್ರೆ ಮನೆ ಲೆಕ್ಕದಲ್ಲಿ ಹೆಣ್ಮಕ್ಕಳ ಟೈಮಿಗೆ ಅಂತ ಯಾರೂ ಒಂದು ಸಾಲು ಬಿಡಲ್ಲ, ಬಿಲ್ಲಲ್ಲಿ ಬರೋದಷ್ಟೇ ಖರ್ಚು ಅಂದ್ಕೋತಾರೆ. ಹೋಗಿ ಬರೋ ಖರ್ಚು, ಪಾರ್ಕಿಂಗು, ಕ್ಯೂನಲ್ಲಿ ನಿಂತಿದ್ದು, ಚೀಲ ಹೊತ್ತು ತೋಳು ನೋಯಿಸ್ಕೊಂಡಿದ್ದು ಇದೆಲ್ಲ ಸೇರಿಸಿ ಆಮೇಲೆ ಹೋಲಿಸಿ ಅಂತ ನಿಮ್ಮನೆಯವ್ರಿಗೆ ಹೇಳಿ.

ಇನ್ನು ದುಡ್ಡು ಎಲ್ಲಿ ಸೋರ್ತಿದೆ ಅನ್ನೋದು. 'ಡೆಲಿವರಿ ಫ್ರೀ ಬಂದಾಗ್ಲೇ ತಗೋತೀನಿ' ಅಂದ್ರಲ್ಲ, ಬಹುಶಃ ಅಲ್ಲೇ. ಇಷ್ಟು ಮೊತ್ತ ದಾಟಿದ್ರೆ ಫ್ರೀ ಅಂತ ಗೆರೆ ಎಳೆದಿರ್ತಾರೆ, ನಿಮ್ಮ ಬುಟ್ಟಿ ಆ ಗೆರೆಗೆ ಸ್ವಲ್ಪ ಕಮ್ಮಿ ಬಿದ್ದಿರುತ್ತೆ, ಆಗ ಬೇಕಿಲ್ಲದ್ದು ಒಂದೋ ಎರಡೋ ಸೇರಿಸ್ತೀವಿ. ನಾನೂ ಒಂದು ವರ್ಷ ಹೀಗೇ ಮಾಡಿದೀನಿ. ಒಂದಿನ ಸಿಂಕ್ ಕೆಳಗಿನ ಕಪಾಟು ತೆಗೆದ್ರೆ ಪಾತ್ರೆ ತೊಳೆಯೋ ಲಿಕ್ವಿಡ್ಡು ಐದು ಬಾಟ್ಲು ಸಾಲಾಗಿ ನಿಂತಿದ್ವು, ಒಂದಕ್ಕೂ ಮುಚ್ಚಳ ಬಿಚ್ಚಿರ್ಲಿಲ್ಲ, ಐದೂ ಬೇರೆ ಬೇರೆ ಆರ್ಡರಿನವು, ಐದೂ ಆ ಗೆರೆ ದಾಟೋಕೆ ಅಂತ ಹಾಕಿದ್ದು. ಅವುಗಳ ಬೆಲೆ ಕೂಡಿಸಿ ನೋಡಿದ್ರೆ ನಾನು ಉಳಿಸಿದೆ ಅಂದ್ಕೊಂಡಿದ್ದ ಡೆಲಿವರಿ ಚಾರ್ಜಿಗಿಂತ ಜಾಸ್ತಿ ಇತ್ತು. ಅವತ್ತಿಂದ ಕಮ್ಮಿ ಬಿದ್ರೆ ಸುಮ್ನೆ ಚಾರ್ಜ್ ಕೊಟ್ಬಿಡ್ತೀನಿ, ಇಲ್ಲಾಂದ್ರೆ ಇನ್ನೆರಡು ದಿನ ಕಾಯ್ತೀನಿ.

ಆ ಚಾರ್ಜು ಅನ್ಯಾಯ ಅಂತ ಬಹಳ ಜನ ಬರೀತಾರೆ, ಅದನ್ನ ನಾನು ಒಪ್ಪಲ್ಲ. ಅಂಗಡಿಯೊಳಗೆ ಓಡಾಡಿ ಒಂದೊಂದೇ ಸಾಮಾನು ಎತ್ತಿಕೊಳ್ಳೋದು, ಚೀಲಕ್ಕೆ ತುಂಬೋದು, ಮನೆವರೆಗೂ ತರೋದು ಇಷ್ಟೂ ಕೆಲಸ ನಾವು ಇಷ್ಟು ದಿನ ಬಿಟ್ಟಿ ಮಾಡ್ತಿದ್ವಿ, ಈಗ ಇನ್ಯಾರೋ ಮಾಡ್ತಿದಾರೆ. ದಿನಸಿ ವ್ಯಾಪಾರದಲ್ಲಿ ಲಾಭ ಮೊದಲೇ ತೆಳು. ಅಮೆರಿಕದಲ್ಲಿ ವೆಬ್‌ವ್ಯಾನ್ ಅಂತ ಒಂದು ಕಂಪನಿ 1999ರಲ್ಲಿ, ನೀವು ಹೇಳಿದ ಅರ್ಧ ಗಂಟೆಯೊಳಗೇ ಮನೆ ಬಾಗಿಲಿಗೆ ಬರ್ತೀವಿ ಅಂತ ಶುರು ಮಾಡ್ತು, ದೊಡ್ಡ ದೊಡ್ಡ ಗೋಡೌನು ಕಟ್ಟಿಸ್ತು, 2001ರಲ್ಲಿ ದಿವಾಳಿ ಎದ್ದು ಮುಚ್ಕೊಂಡು ಹೋಯ್ತು. ಅಂದ್ರೆ ಈ ಕೆಲಸಕ್ಕೆ ನಿಜವಾಗ್ಲೂ ಖರ್ಚಿದೆ, ಯಾರಾದ್ರೂ ಫ್ರೀ ಅಂದ್ರೆ ಆ ಖರ್ಚು ಸಾಮಾನಿನ ಬೆಲೆಯಲ್ಲೋ ಇನ್ನೆಲ್ಲೋ ಕೂತಿರುತ್ತೆ. ಅಂಗಡಿ ಶೆಲ್ಫಿನ ಬೆಲೆ, ಆ್ಯಪಿನ ಬೆಲೆ ಎರಡೂ ಒಂದೇ ಇರ್ಬೇಕು ಅಂತೇನಿಲ್ಲ, ನೀವು ಪ್ರತಿ ತಿಂಗಳು ತಗೊಳ್ಳೋ ಹತ್ತು ಸಾಮಾನು ಬರ್ಕೊಂಡು ಒಂದ್ಸಲ ಎರಡೂ ಕಡೆ ನೋಡಿ, ಗೊತ್ತಾಗುತ್ತೆ.

ಸೋರೋ ಇನ್ನೊಂದು ಜಾಗ ಪ್ಯಾಕೆಟ್ಟಿನ ಸೈಜು. ಕೈಲಿ ಹಿಡಿದ್ರೆ ತೂಕ ತಿಳಿಯುತ್ತೆ, ಫೋನಲ್ಲಿ ಅರ್ಧ ಕೆಜಿ ಪ್ಯಾಕೆಟ್ಟೂ ಒಂದೇ ಥರ ಕಾಣುತ್ತೆ ನಾನೂರು ಗ್ರಾಮ್ ಪ್ಯಾಕೆಟ್ಟೂ ಒಂದೇ ಥರ ಕಾಣುತ್ತೆ, ಫೋಟೋದಲ್ಲಿ ಎರಡೂ ಹೆಬ್ಬೆಟ್ಟಿನಷ್ಟೇ. ಅದಕ್ಕೇ ಬೆಲೆ ಕೆಳಗೆ ಸಣ್ಣಕ್ಷರದಲ್ಲಿ ಕೆಜಿಗೆ ಎಷ್ಟು, ಲೀಟರಿಗೆ ಎಷ್ಟು ಅಂತ ಹಾಕಿದ್ರೆ ಅದನ್ನೇ ನೋಡಿ, ಹಾಕಿಲ್ಲಾಂದ್ರೆ ನೀವೇ ಭಾಗಿಸಿ. ಹುಡುಕಿದಾಗ ಮೊದಲು ಬರೋ ಸಾಮಾನು ಅಗ್ಗದ್ದೂ ಅಲ್ದಿರ್ಬಹುದು ಒಳ್ಳೇದೂ ಅಲ್ದಿರ್ಬಹುದು, ಆ ಜಾಗ ಕಂಪನಿಗಳು ದುಡ್ಡು ಕೊಟ್ಟು ತಗೊಂಡಿರೋದೂ ಇರುತ್ತೆ, ಕೆಳಗೆ ಸರಿಸಿ ನೋಡಿ.

ಉಳಿತಾಯದ ಕಡೆಯೂ ಇದೆ, ಅದನ್ನ ಹೇಳದಿದ್ರೆ ಮೋಸ ಆಗುತ್ತೆ. ಮಕ್ಕಳು ಜೊತೆಗಿರಲ್ಲ, ಬಿಲ್ಲಿಂಗ್ ಕೌಂಟರ್ ಪಕ್ಕದ ಚಾಕ್ಲೇಟಿಗೆ ಅಳೋದಿಲ್ಲ, ಹಸಿದ ಹೊಟ್ಟೇಲಿ ಬಿಸ್ಕೆಟ್ ಸಾಲಿನ ಮುಂದೆ ನಿಲ್ಲೋದಿಲ್ಲ, ಎಲ್ಲಕ್ಕಿಂತ ದೊಡ್ಡದು ಒಟ್ಟು ಮೊತ್ತ ಕಣ್ಣ ಮುಂದೇನೇ ಏರ್ತಾ ಇರುತ್ತೆ, ಜಾಸ್ತಿಯಾದ್ರೆ ನಾಚಿಕೆ ಇಲ್ದೆ ತೆಗೆದು ಹಾಕ್ಬಹುದು. ಅಡುಗೆಮನೇಲೇ ನಿಂತು ಡಬ್ಬಿ ತೆಗೆದು ನೋಡಿ ಆರ್ಡರ್ ಮಾಡೋಕಾಗೋದು ಇದರಲ್ಲಿ ಮಾತ್ರ. ನಾನು ಬುಟ್ಟೀನ ರಾತ್ರಿ ತುಂಬಿಸಿ ಬೆಳಿಗ್ಗೆ ಪೇ ಮಾಡ್ತೀನಿ, ಬೆಳಿಗ್ಗೆ ನೋಡಿದಾಗ ಎರಡು ಮೂರು ಸಾಮಾನು ತಾನಾಗೇ ಬೇಡ ಅನ್ಸುತ್ತೆ. ದಿನಾ ಒಂದೊಂದು ಸಣ್ಣ ಆರ್ಡರ್ ಹಾಕೋ ಅಭ್ಯಾಸ ಇದ್ರೆ ಅದನ್ನ ಮಾತ್ರ ನಿಲ್ಲಿಸಿ, ವಾರಕ್ಕೊಂದು ಮಾಡಿ, ಎರಡು ತಿಂಗಳು ಬಿಟ್ಟು ಮತ್ತೆ ಬಿಲ್ ಕೂಡಿಸಿ ನೋಡಿ.

ಇನ್ನೊಂದು ಮಾತು, ಇದು ನಿಮಗಷ್ಟೇ ಅಲ್ಲ ಎಲ್ರಿಗೂ. ಹಿಂದೆ ದಿನಸಿ ಅಂಗಡೀಲಿ ನಾವು ಸಾಮಾನು ಮುಟ್ಟೋ ಹಾಗೇ ಇರ್ಲಿಲ್ಲ, ಚೀಟಿ ಕೊಟ್ರೆ ಅಂಗಡಿಯವ್ರು ಒಳಗಿಂದ ತಂದು ಕೊಡೋರು. 1916ರಲ್ಲಿ ಅಮೆರಿಕದ ಮೆಂಫಿಸ್ ಊರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಅನ್ನೋರು ಪಿಗ್ಲಿ ವಿಗ್ಲಿ ಅಂತ ಅಂಗಡಿ ತೆಗೆದು, ಬುಟ್ಟಿ ಹಿಡ್ಕೊಂಡು ನೀವೇ ಒಳಗೆ ಹೋಗಿ ನೀವೇ ಎತ್ಕೊಳ್ಳಿ ಅಂದ್ರು, ಇವತ್ತಿನ ಸೂಪರ್‌ಮಾರ್ಕೆಟ್ಟಿಗೆ ಅಲ್ಲಿಂದ ದಾರಿ ಶುರುವಾಯ್ತು. ಅವತ್ತು ನಮ್ಮ ಕೈಗೆ ಬಂದಿದ್ದು ಆರಿಸಿಕೊಳ್ಳೋ ಕೆಲಸ. ಹೋಮ್ ಡೆಲಿವರಿ ಮಾಡಿದಾಗ ನಾವು ವಾಪಸ್ ಕೊಡೋದೂ ಅದನ್ನೇ. ಹಾಗಾಗಿ ಯಾವುದನ್ನ ಯಾರು ಆರಿಸಿದ್ರೂ ಒಂದೇನೋ ಅದನ್ನ ಮನೆಗೆ ತರಿಸಿ, ಸೋಪು, ಪೌಡರು, ಎಣ್ಣೆ, ಉಪ್ಪು, ಸಕ್ಕರೆ, ಟಿಶ್ಯೂ, ಮಗುವಿನ ಡೈಪರು. ಮುಟ್ಟಿ, ಮೂಸಿ, ಒತ್ತಿ ನೋಡಿ ತಗೊಳ್ಳೋದು, ಅಂದ್ರೆ ಹಣ್ಣು, ಸೊಪ್ಪು, ಮೀನು, ಮಾಂಸ, ಆದಷ್ಟು ನಿಮ್ಮ ಕೈಲೇ ಇರ್ಲಿ. ಹೀಗೆ ಎರಡು ಪಾಲು ಮಾಡ್ಕೊಂಡ್ರೆ ಅರ್ಧ ದಿನದ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತೆ, ಹೊತ್ತು ತರೋ ಭಾರವೂ ಇರಲ್ಲ.

ಪ್ರಶ್ನೆ: ನಮ್ಮಪ್ಪ ಅಮ್ಮ ಇಬ್ರೇ ಇರೋದು, ನಾನು ದೂರದೂರಲ್ಲಿದೀನಿ. ಅವರ ಮನೆಗೆ ವಾರಕ್ಕೊಮ್ಮೆ ಇಲ್ಲಿಂದ್ಲೇ ಆರ್ಡರ್ ಮಾಡ್ತೀನಿ. ಅಮ್ಮಂಗೆ ಖುಷಿ. ಅಪ್ಪ ಮಾತ್ರ ಮುಖ ಗಂಟು ಹಾಕ್ಕೊಂಡು 'ನನಗೆ ಇದ್ದಿದ್ದೇ ಒಂದು ಕೆಲ್ಸ, ಅದನ್ನೂ ಕಿತ್ಕೊಂಡೆ' ಅಂತಾರೆ. ಒಳ್ಳೇದು ಮಾಡೋಕೆ ಹೋಗಿ ತಪ್ಪು ಮಾಡಿದ್ನಾ ಮೇಡಂ?

ಉತ್ತರ: ನೀವು ಮಾಡಿದ್ದು ತಪ್ಪಲ್ಲಪ್ಪ, ಆದ್ರೆ ನಿಮ್ಮ ತಂದೆ ಹೇಳಿದ್ದೂ ಸುಳ್ಳಲ್ಲ.

ಮನೆಯಿಂದ್ಲೇ ಆರ್ಡರ್ ಮಾಡೋ ಈ ಪದ್ಧತಿಯ ಮೊದಲ ಗಿರಾಕಿಗಳಲ್ಲಿ ಒಬ್ರು ವಯಸ್ಸಾದವ್ರೇ. 1984ರಲ್ಲಿ ಇಂಗ್ಲೆಂಡಿನ ಗೇಟ್ಸ್‌ಹೆಡ್ ಊರಲ್ಲಿ ಜೇನ್ ಸ್ನೋಬಾಲ್ ಅನ್ನೋ 72 ವರ್ಷದ ಅಜ್ಜಿ ತಮ್ಮ ಕುರ್ಚೀಲೇ ಕೂತು ಟೀವಿ ರಿಮೋಟಿಂದ ಟೆಸ್ಕೋ ಸೂಪರ್‌ಮಾರ್ಕೆಟ್ಟಿಗೆ ಆರ್ಡರ್ ಕಳಿಸಿದ್ರು, ಮಾರ್ಗರಿನ್, ಕಾರ್ನ್‌ಫ್ಲೇಕ್ಸ್, ಮೊಟ್ಟೆ. ಇಂಟರ್ನೆಟ್ಟು ಮನೆಮನೆಗೆ ಬರೋಕೆ ಎಷ್ಟೋ ವರ್ಷ ಮೊದಲು, ಟೀವೀನ ಟೆಲಿಫೋನ್ ಲೈನಿಗೆ ಜೋಡಿಸಿ ಮೈಕೆಲ್ ಆಲ್ಡ್ರಿಚ್ ಅನ್ನೋರು 1979ರಲ್ಲಿ ಮಾಡಿದ್ದ ವ್ಯವಸ್ಥೆ ಅದು, ಆ ಊರಿನ ಕೌನ್ಸಿಲ್ಲು ಹೊರಗೆ ಹೋಗೋಕೆ ಕಷ್ಟ ಪಡೋ ಹಿರಿಯರಿಗೆ ಸಹಾಯ ಆಗ್ಲಿ ಅಂತ ಅದನ್ನ ತಂದಿತ್ತು. ಅಂದ್ರೆ ನಿಮ್ಮ ತಾಯಿಯಂಥವರಿಗೋಸ್ಕರ ಈ ಸೌಲಭ್ಯ ಹುಟ್ಟಿದ್ದೇ. 2020ರಲ್ಲಿ ಕೋವಿಡ್ ಬಂದಾಗ ಎಷ್ಟೋ ದೇಶದಲ್ಲಿ ಸ್ಲಾಟುಗಳೇ, ಅಂದ್ರೆ ಡೆಲಿವರಿಗೆ ಗೊತ್ತು ಮಾಡ್ಕೊಳ್ಳೋ ಹೊತ್ತೇ, ಸಿಗ್ದೆ ಜನ ಒದ್ದಾಡಿದ್ರು, ಆಗ್ಲೂ ಕೆಲವು ಸೂಪರ್‌ಮಾರ್ಕೆಟ್ಟುಗಳು ಹಿರಿಯರಿಗೆ, ಕಾಯಿಲೆ ಇದ್ದೋರಿಗೆ ಅಂತ ಸ್ಲಾಟ್ ಎತ್ತಿಟ್ಟಿದ್ವು.

ಆದ್ರೆ ನಡೆಯೋ ಶಕ್ತಿ ಇರೋ ಮನುಷ್ಯನಿಗೆ ಅಂಗಡಿಗೆ ಹೋಗೋದು ಅಂದ್ರೆ ಸಾಮಾನು ಒಂದೇ ಅಲ್ಲ. ಅಷ್ಟು ದೂರ ಕಾಲಾಡುತ್ತೆ, ನಾಲ್ಕು ಜನ ಮಾತಾಡ್ಸ್ತಾರೆ, ಚಿಲ್ಲರೆ ಲೆಕ್ಕ ಹಾಕೋಕೆ ತಲೆ ಓಡುತ್ತೆ, ಮನೆಗೆ ಏನು ಬೇಕು ಅಂತ ತೀರ್ಮಾನ ಮಾಡೋ ಯಜಮಾನಿಕೆ ಕೈಲಿರುತ್ತೆ. ನೀವು ದೂರದಿಂದ ಲಿಸ್ಟ್ ಹಾಕಿದಾಗ ಕಿತ್ಕೊಂಡಿದ್ದು ಅದನ್ನ.

ನಮ್ಮಮ್ಮನ ಮಂಡಿ ನೋವು ಜಾಸ್ತಿ ಆದಾಗ ನಾನೂ ಹೀಗೇ ಮಾಡಿದ್ದೆ, ನನಗೆ ಗೊತ್ತಿರೋ ಸಾಮಾನೆಲ್ಲ ನಾನೇ ಹಾಕಿ ಕಳಿಸ್ತಿದ್ದೆ, ಅವರು ಏನೂ ಹೇಳ್ತಿರ್ಲಿಲ್ಲ, ಚೀಲ ಮೂಲೇಲಿ ಹಾಗೇ ಬಿದ್ದಿರೋದು. ಆಮೇಲೆ ಪ್ರತಿ ಗುರುವಾರ ಸಂಜೆ ಫೋನ್ ಮಾಡಿ ಅವರೇ ಹೇಳ್ಲಿ ನಾನು ಟೈಪ್ ಮಾಡ್ತೀನಿ ಅಂತ ಬದಲಾಯಿಸಿದೆ. ಈಗ ಚೀಲ ಬಂದ ತಕ್ಷಣ ಟೇಬಲ್ ಮೇಲೆ ಪೇಪರ್ ಹಾಸಿ ಒಂದೊಂದೇ ತೆಗೆದು ಇಡ್ತಾರೆ, ಹಣ್ಣನ್ನ ಹೆಬ್ಬೆರಳಲ್ಲಿ ತೊಟ್ಟಿನ ಹತ್ರ ಮೆಲ್ಲಗೆ ಒತ್ತಿ, ಮೂಗಿನ ಹತ್ರ ಹಿಡಿದು, ಇದು ನಾಳೆಗೆ ಇದು ನಾಡಿದ್ದಿಗೆ ಅಂತ ಬೇರೆ ಮಾಡ್ತಾರೆ, ಮೊಟ್ಟೆ ಬಾಕ್ಸನ್ನ ಎತ್ತಿ ಅಡಿ ಒದ್ದೆಯಾಗಿದ್ಯಾ ನೋಡ್ತಾರೆ, ಸರಿ ಇಲ್ದಿದ್ದು ಕಂಡ್ರೆ ನನಗೆ ಫೋನ್. 'ಈ ಅಂಗಡಿಯವ್ನಿಗೆ ಹಣ್ಣು ಆರಿಸೋಕೆ ಬರಲ್ಲ, ಮುಂದಿನ ಸಲ ಬೇಡ' ಅಂದಾಗ ಅವರ ದನಿಯಲ್ಲಿ ಹಳೇ ಖಡಕ್ಕು ಕೇಳಿ ನನಗೆ ಎಷ್ಟು ಸಮಾಧಾನ ಆಯ್ತು ಅಂತ ಹೇಳೋಕಾಗಲ್ಲ.

ನೀವೂ ಭಾರದ ಸಾಮಾನು ಮಾತ್ರ ಕಳಿಸಿ, ತಿಂಗಳಿಗೊಂದೋ ಎರಡೋ ಸಲ. ದಿನದ ಹಾಲು, ಬ್ರೆಡ್ಡು, ಹಣ್ಣು, ತರಕಾರಿ ತಂದೆಯವರಿಗೇ ಬಿಟ್ಬಿಡಿ, ಮಳೆ ಬಂದಾಗ್ಲೋ ಹುಷಾರಿಲ್ದಾಗ್ಲೋ ಮಾತ್ರ ಅದೂ ಆ್ಯಪಲ್ಲಿ. ಆರ್ಡರ್ ಹಾಕೋ ಮೊದಲು ಅವರಿಗೇ ಫೋನ್ ಮಾಡಿ ಕೇಳಿ. ಮತ್ತೆ ಇದನ್ನ ಇಬ್ರಿಗೂ ಗಟ್ಟಿಯಾಗಿ ಹೇಳಿ, ಡೆಲಿವರಿ ತಡ ಆಗಿದೆ ರೀಫಂಡ್ ಕೊಡ್ತೀವಿ ಅಂತ ಯಾರಾದ್ರೂ ಫೋನ್ ಮಾಡಿ ಕಾರ್ಡ್ ನಂಬರೋ, ಬ್ಯಾಂಕಿನ ಓಟಿಪಿನೋ, ಪಿನ್ನೋ ಕೇಳಿದ್ರೆ ಫೋನ್ ಇಟ್ಬಿಡ್ಬೇಕು, ಲಿಂಕ್ ಕಳಿಸಿದ್ರೆ ಮುಟ್ಬಾರ್ದು. ದುಡ್ಡು ವಾಪಸ್ ಬರೋದಕ್ಕೆ ಪಿನ್ ಹೇಳೋ ಅಗತ್ಯ ಯಾವತ್ತೂ ಇಲ್ಲ.

ಪ್ರಶ್ನೆ: ನನ್ನ ಮಗಳಿಗೆ ಕಡಲೆಕಾಯಿ ಅಲರ್ಜಿ. ನಾನು ಆರ್ಡರ್ ಮಾಡಿದ ಬಿಸ್ಕೆಟ್ ಇಲ್ಲ ಅಂತ ಬೇರೆ ಕಂಪನಿ ಬಿಸ್ಕೆಟ್ ಹಾಕಿ ಕಳಿಸಿದ್ರು, ಕಲರ್ ಒಂದೇ ಥರ ಇತ್ತು, ಬಾಯಿಗೆ ಹಾಕೋ ಮುಂಚೆ ನೋಡಿದ್ದು ದೇವರ ದಯೆ. ಹೀಗೂ ಮಾಡ್ತಾರಾ?

ಉತ್ತರ: ಮಾಡ್ತಾರಮ್ಮ, ಓದಿ ನನಗೇ ಎದೆ ಝಲ್ ಅಂತು. ಕೇಳಿದ ಸಾಮಾನು ಇಲ್ದಾಗ ಅದಕ್ಕೆ ಹತ್ರದ್ದು ಹಾಕೋದಕ್ಕೆ ಸಬ್‌ಸ್ಟಿಟ್ಯೂಷನ್ ಅಂತಾರೆ. ಚೀಲ ತುಂಬೋರಿಗೆ ಗಡಿಯಾರದ ಜೊತೆ ಓಟ, ಬಿಸ್ಕೆಟ್ಟಿಗೆ ಬಿಸ್ಕೆಟ್ಟು ಸರಿಹೋಯ್ತು ಅಂತ ಹಾಕ್ತಾರೆ, ನಿಮ್ಮ ಮಗಳ ವಿಷಯ ಅವರಿಗೆ ಹೇಗೆ ಗೊತ್ತಾಗ್ಬೇಕು.

ಬಹಳ ಆ್ಯಪಲ್ಲಿ 'ಬದಲಿ ಬೇಡ' ಅನ್ನೋ ಆಯ್ಕೆ ಇರುತ್ತೆ, ಕೆಲವ್ರಲ್ಲಿ ಒಂದೊಂದು ಸಾಮಾನಿಗೂ ಬೇರೆ ಬೇರೆ ಹಾಕ್ಬಹುದು, ತಿನ್ನೋ ಸಾಮಾನಿಗೆಲ್ಲ ಅದನ್ನ ಇವತ್ತೇ ಹಾಕಿ. ಆಯ್ಕೆಯೇ ಇಲ್ದಿದ್ರೆ ಆರ್ಡರ್ ಜೊತೆ ಹಾಕೋ ಸೂಚನೆಯಲ್ಲಿ ಬರೆದಿದೀನಿ ಅಂತ ನಂಬ್ಕೊಂಡು ಕೂರ್ಬೇಡಿ, ಮಗಳು ತಿನ್ನೋದನ್ನ ಅಲ್ಲಿ ಆರ್ಡರೇ ಮಾಡ್ಬೇಡಿ. ಯುರೋಪಿಯನ್ ಒಕ್ಕೂಟದಲ್ಲಿ 2014ರ ಡಿಸೆಂಬರಿಂದ, ಪ್ಯಾಕ್ ಮಾಡಿದ ಆಹಾರ ಆನ್‌ಲೈನಲ್ಲಿ ಮಾರೋರು ಕಡಲೆಕಾಯಿ, ಹಾಲು, ಮೊಟ್ಟೆ, ಸೋಯಾ ಹೀಗೆ 14 ಅಲರ್ಜಿ ಪದಾರ್ಥಗಳ ಮಾಹಿತೀನ ಕೊಳ್ಳೋ ಮೊದಲೇ ತೋರಿಸ್ಬೇಕು ಅಂತ ಕಾನೂನಿದೆ. ಕಾನೂನು ಏನೇ ಇರ್ಲಿ, ಆ್ಯಪಲ್ಲಿರೋ ಫೋಟೋ ಹಳೇದಿರ್ಬಹುದು, ಕಂಪನಿ ಒಳಗಿನ ಪದಾರ್ಥ ಬದಲಾಯಿಸಿರ್ಬಹುದು, ಕೈಗೆ ಬಂದ ಪ್ಯಾಕೆಟ್ಟಿನ ಹಿಂಭಾಗದ ಸಣ್ಣಕ್ಷರಾನೇ ಕೊನೇ ಮಾತು. ಪ್ರತಿ ಸಲ, ಹಳೇ ಬ್ರ್ಯಾಂಡೇ ಆದ್ರೂ ಓದಿ. ಬಂದಿದ್ದೆಲ್ಲ ನೀವು ಓದಿ ಮುಗಿಸೋವರೆಗೂ ಮಗಳ ಕೈಗೆ ಸಿಗದ ಎತ್ತರದಲ್ಲಿಡಿ.

ಪ್ರಶ್ನೆ: ನಾವು ಆಫೀಸಲ್ಲಿದ್ದಾಗ ಡೆಲಿವರಿಯವ್ರು ಚೀಲ ಬಾಗಿಲ ಹೊರಗಿಟ್ಟು ಫೋಟೋ ತೆಗೆದು ಹೋಗಿದಾರೆ. ಮೂರೂವರೆ ಗಂಟೆ ಆಮೇಲೆ ಬಂದು ನೋಡಿದ್ರೆ ಹಾಲು ಬೆಚ್ಚಗಿತ್ತು, ಫ್ರೋಜನ್ ಬಟಾಣಿ ಮೆತ್ತಗಾಗಿತ್ತು, ಚಿಕನ್ನೂ ಇತ್ತು. ಮತ್ತೆ ಫ್ರಿಜ್ಜಿಗೆ ಹಾಕಿ ಉಪಯೋಗಿಸ್ಬಹುದಾ?

ಉತ್ತರ: ಚಿಕನ್ ಬಿಸಾಕಿ, ಯೋಚನೆನೇ ಮಾಡ್ಬೇಡಿ. ಫ್ರಿಜ್ಜಲ್ಲಿಡೋ ಹಾಲಾದ್ರೆ ಅದನ್ನೂ ಬಿಸಾಕಿ. ಶೆಲ್ಫಲ್ಲಿ ಹೊರಗೇ ಇಟ್ಟು ಮಾರೋ ಯುಎಚ್‌ಟಿ ಪ್ಯಾಕೆಟ್ ಹಾಲಾಗಿದ್ದು ಇನ್ನೂ ಕತ್ತರಿಸಿಲ್ಲ ಅಂದ್ರೆ ಮಾತ್ರ ಪರವಾಗಿಲ್ಲ.

ಕಾರಣ ಇಷ್ಟೇ, 5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿವರೆಗಿನ ಬಿಸೀಲಿ ಬ್ಯಾಕ್ಟೀರಿಯಾ ಬೇಗ ಬೆಳೀತವೆ, ಬೇಗ ಕೆಡೋ ಆಹಾರ ಫ್ರಿಜ್ಜಿಂದ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರ್ಬಾರ್ದು, ಸುತ್ತಲಿನ ಬಿಸಿ 32 ಡಿಗ್ರಿ ದಾಟಿದ್ರೆ ಒಂದೇ ಗಂಟೆ. ಇದರಲ್ಲಿ ಅಂಗಡಿಯಿಂದ ನಿಮ್ಮನೆಗೆ ಬರೋಕೆ ಹಿಡಿದ ಟೈಮೂ ಸೇರುತ್ತೆ. ಚೆನ್ನಾಗಿ ಬೇಯಿಸಿದ್ರೆ ಆಯ್ತಲ್ಲ ಅಂತಾರೆ, ಬೇಯಿಸಿದ್ರೆ ಬ್ಯಾಕ್ಟೀರಿಯಾ ಸಾಯುತ್ತೆ, ಆದ್ರೆ ಕೆಲವು ಜಾತಿಯವು ಅಷ್ಟರೊಳಗೆ ಬಿಟ್ಟಿರೋ ವಿಷ ಬೇಯಿಸಿದ್ರೂ ಹೋಗಲ್ಲ. ಬಟಾಣಿ ಬಿಚ್ಚಿ ನೋಡಿದಾಗ ಇನ್ನೂ ಐಸಿನ ಹರಳು ಇದ್ದಿದ್ರೆ ಮತ್ತೆ ಫ್ರೀಜರಿಗೆ ಹಾಕ್ಬಹುದಿತ್ತು, ನೀವು ಮೆತ್ತಗಾಗಿತ್ತು ಅಂದಿದೀರಿ, ಅದೂ ಬೇಡ. ಐಸ್‌ಕ್ರೀಮ್ ಕರಗಿದ್ರೆ ಮತ್ತೆ ಗಟ್ಟಿ ಮಾಡ್ಲೇಬಾರ್ದು.

ಮುಂದೆ ಉಪಯೋಗಕ್ಕೆ ಬರ್ಲಿ ಅಂತ ಒಂದು ಗುರುತು ಹೇಳ್ತೀನಿ. ಫ್ರೋಜನ್ ಬಟಾಣಿ ಪ್ಯಾಕೆಟ್ಟನ್ನ ಕೈಲಿ ಅಲ್ಲಾಡಿಸಿ, ಕಾಳು ಕಾಳಾಗಿ ಗಲಗಲ ಅಂದ್ರೆ ಸರಿಯಾಗಿ ಬಂದಿದೆ. ಇಟ್ಟಿಗೆ ಥರ ಒಂದೇ ಮುದ್ದೆ ಆಗಿದ್ರೆ, ಒಳಗಡೆ ದಪ್ಪ ಹಿಮ ಕಟ್ಟಿದ್ರೆ, ದಾರೀಲಿ ಎಲ್ಲೋ ಒಂದ್ಸಲ ಕರಗಿ ಮತ್ತೆ ಹೆಪ್ಪುಗಟ್ಟಿರೋ ಸಾಧ್ಯತೆ ಜಾಸ್ತಿ, ತಗೋಬೇಡಿ. ಮನೇಲಿ ಯಾರೂ ಇರದ ಹೊತ್ತಿಗೆ ತಣ್ಣಗಿನ ಸಾಮಾನಿಗೆ ಸ್ಲಾಟ್ ಹಾಕ್ಲೇಬೇಡಿ, ಸಂಜೆ ಸ್ಲಾಟ್ ಸಿಗ್ಲಿಲ್ಲಾಂದ್ರೆ ಅವತ್ತು ಸೋಪು ಪೌಡರಷ್ಟೇ ತರಿಸಿ. ಬಾಗಿಲ ಹೊರಗಿಡಿ ಅಂತ ನೀವು ಹೇಳಿರ್ಲಿಲ್ಲ ಅಂದ್ರೆ ಆ ಫೋಟೋ, ಟೈಮು ಎರಡನ್ನೂ ತೋರಿಸಿ ದುಡ್ಡು ವಾಪಸ್ ಕೇಳಿ.

ಪ್ರಶ್ನೆ: ಟೊಮ್ಯಾಟೋ ಅರ್ಧಕ್ಕರ್ಧ ಕೊಳೆತು ಬಂತು. ಕಂಪ್ಲೇಂಟ್ ಮಾಡೋಕೆ ಸಂಕೋಚ.

ಉತ್ತರ: ಯಾಕೆ ಸಂಕೋಚ? ಡೆಲಿವರಿಯವ್ರು ಇರುವಾಗ್ಲೇ ಚೀಲ ನೋಡೋಕಾಗದಿದ್ರೂ ಅವತ್ತೇ ಬೆಳಕಲ್ಲಿಟ್ಟು ಫೋಟೋ ತೆಗೆದು ಕಳಿಸಿ, ಎರಡು ದಿನ ಬಿಟ್ರೆ ನಿಮ್ಮನೇಲೇ ಕೊಳೆತಿದ್ದು ಅಂತಾರೆ, ಆಗ ವಾದ ಮಾಡೋಕಾಗಲ್ಲ. ಪ್ಯಾಕೆಟ್ ಸಾಮಾನಿನ ಕೊನೇ ದಿನಾಂಕಾನೂ ಆಗ್ಲೇ ನೋಡಿ. ಅಂಗಡಿಗೆ ಹೋದಾಗ ನಾವು ಸಾಲಿನ ಹಿಂದೆ ಕೈ ಹಾಕಿ ಹೊಸ ದಿನಾಂಕದ್ದು ತೆಗೀತೀವಿ, ನಮ್ಮ ಬದಲು ತೆಗೆಯೋರು ಮುಂದಿರೋದನ್ನೇ ಎತ್ಕೊಂಡಿರ್ಬಹುದು.

ಪ್ರಶ್ನೆ: ಒಂದು ಸಾಬೂನಿಗೂ ಒಂದು ಗಾಡಿ ಬರುತ್ತೆ, ಎಷ್ಟೊಂದು ಪ್ಲಾಸ್ಟಿಕ್ಕು, ಪರಿಸರಕ್ಕೆ ಇದು ಕೆಟ್ಟದ್ದು ಅಂತ ನಾನು, ಎಲ್ರೂ ಕಾರ್ ತಗೊಂಡು ಹೋಗೋದಕ್ಕಿಂತ ವಾಸಿ ಅಂತ ನನ್ನ ಫ್ರೆಂಡು. ಯಾರು ಸರಿ?

ಉತ್ತರ: ಇಬ್ರೂ ಬೇರೆ ಬೇರೆ ಡೆಲಿವರಿ ಬಗ್ಗೆ ಮಾತಾಡ್ತಿದೀರಿ. ಅಮೆರಿಕದ ವಾಷಿಂಗ್ಟನ್ ಯೂನಿವರ್ಸಿಟಿಯವ್ರು 2013ರಲ್ಲಿ ಸಿಯಾಟಲ್ ಊರಿನ ಲೆಕ್ಕ ಹಾಕಿದ್ರು, ಮನೆಮಂದಿ ತಂತಮ್ಮ ಕಾರಲ್ಲಿ ಅಂಗಡಿಗೆ ಹೋಗಿ ಬರೋದಕ್ಕೆ ಹೋಲಿಸಿದ್ರೆ ಡೆಲಿವರಿ ಟ್ರಕ್ಕಿನ ಇಂಗಾಲದ ಹೊಗೆ 20ರಿಂದ 75 ಪರ್ಸೆಂಟ್ ಕಮ್ಮಿ ಅಂತ ಬಂತು. ಆ 20 ಮತ್ತು 75ರ ನಡುವಿನ ಅಂತರಾನೇ ನಿಮ್ಮ ಉತ್ತರ. ಒಂದೇ ಬೀದಿಯ ಮನೆಗಳನ್ನ ಒಟ್ಟಿಗೆ ಸೇರಿಸಿ ಗಾಡಿ ಓಡಿಸಿದ್ರೆ ಉಳಿತಾಯ ಜಾಸ್ತಿ, ಗಿರಾಕಿ ಕೇಳಿದ ಟೈಮಿಗೇ ತಲುಪಿಸ್ಬೇಕು ಅಂತ ಆ ಕಡೆ ಈ ಕಡೆ ಓಡಿದ್ರೆ ಉಳಿತಾಯ ಕಮ್ಮಿ. ಒಂದು ಸಾಬೂನನ್ನ ಈಗ್ಲೇ ತನ್ನಿ ಅಂದ್ರೆ ಏನಾಗುತ್ತೆ ಅಂತ ನೀವೇ ಊಹಿಸಿ. ಅಂಗಡಿಗೆ ನಡ್ಕೊಂಡೋ ಸೈಕಲ್ಲಲ್ಲೋ ಹೋಗೋರಾದ್ರೆ ಆ ಹೋಲಿಕೆ ನಿಮಗೆ ಅನ್ವಯಿಸೋದೇ ಇಲ್ಲ, ನಡೆದೇ ಹೋಗಿ. ಆ್ಯಪಲ್ಲಿ 'ನಿಮ್ಮ ಏರಿಯಾಕ್ಕೆ ಗಾಡಿ ಬರೋ ಹೊತ್ತು' ಅಂತ ಸ್ಲಾಟ್ ತೋರಿಸಿದ್ರೆ ಅದನ್ನೇ ತಗೊಳ್ಳಿ. ಪ್ಲಾಸ್ಟಿಕ್ ವಿಷಯದಲ್ಲಿ ನಾನು ನಿಮ್ಮ ಕಡೆ, ನನ್ನ ಮೂರು ನಿಂಬೆಹಣ್ಣಿಗೆ ಒಂದು ಕವರು, ಆ ಕವರಿಗೆ ಇನ್ನೊಂದು ಕವರು ಬಂದಾಗ ಹೊಟ್ಟೆ ಉರಿಯುತ್ತೆ. ಹಳೇ ಕವರು ವಾಪಸ್ ತಗೊಳ್ಳೋ ಸೂಪರ್‌ಮಾರ್ಕೆಟ್ಟುಗಳೂ ಇವೆ, ಕೇಳಿ ನೋಡಿ.

ಪ್ರಶ್ನೆ: ನಾನು ಡೆಲಿವರಿ ಕೆಲಸ ಮಾಡ್ತೀನಿ ಮೇಡಂ. ನಮ್ಮ ಕಷ್ಟಾನೂ ಬರೀರಿ. ತಪ್ಪು ಅಡ್ರೆಸ್ ಹಾಕಿ ನಮ್ಮನ್ನೇ ಬೈತಾರೆ, ಫೋನ್ ಎತ್ತಲ್ಲ, ಹತ್ತು ನಿಮಿಷ ಕಾದ್ರೆ ಮುಂದಿನ ಆರ್ಡರ್ ಲೇಟಾಗಿ ಅದಕ್ಕೂ ಬೈಗುಳ. ಲಿಫ್ಟ್ ಇಲ್ದಿರೋ ಬಿಲ್ಡಿಂಗಲ್ಲಿ ನಾಲ್ಕನೇ ಮಹಡಿಗೆ ಇಪ್ಪತ್ತು ಲೀಟರ್ ನೀರು ಎರಡು ಕ್ಯಾನು ಹೊತ್ತೆ, ಮೇಲೆ ಹೋದ್ಮೇಲೆ ಒಂದು ಬೇಡ ವಾಪಸ್ ತಗೊಂಡ್ಹೋಗಿ ಅಂದ್ರು. ಸ್ಟಾರ್ ಕಮ್ಮಿ ಕೊಟ್ರೆ ನಮಗೆ ತೊಂದ್ರೆ.

ಉತ್ತರ: ತಮ್ಮ, ನಿಮ್ಮ ಪತ್ರ ಪೂರ್ತಿ ಹಾಕ್ಬೇಕು ಅಂತಿತ್ತು, ಜಾಗ ಸಾಲ್ಲಿಲ್ಲ. ಎರಡು ಕ್ಯಾನು ಅಂದ್ರೆ ನಲವತ್ತು ಕೆಜಿ ನೀರೇ ಆಯ್ತು. ಅದನ್ನ ಹೊರೋದು ಬೇಡ ಅಂತ್ಲೇ ನಾವು ಆರ್ಡರ್ ಮಾಡೋದು, ಭಾರ ಎಲ್ಲೂ ಮಾಯ ಆಗಿರಲ್ಲ, ನಮ್ಮ ಬೆನ್ನಿಂದ ನಿಮ್ಮ ಬೆನ್ನಿಗೆ ಹೋಗಿರುತ್ತೆ.

ಓದುಗರಿಗೆ ಹೇಳ್ತೀನಿ, ಬಹಳ ಕಡೆ ಈ ಹುಡುಗರಿಗೆ ಸಂಬಳ ಇಲ್ಲ, ಡೆಲಿವರಿಗಿಷ್ಟು ಅಂತ ಕೊಡೋದು, ನಾವು ಕಾಯಿಸಿದ ಹತ್ತು ನಿಮಿಷ ನೇರ ಅವರ ದುಡಿಮೆಯಿಂದ ಹೋಗುತ್ತೆ. ತೊಮೆಟೋ ಕೊಳೆತಿದ್ರೆ, ಸಾಮಾನು ಬದಲಾಗಿದ್ರೆ ಅದು ಚೀಲ ತುಂಬಿದ ಕಡೆಯ ತಪ್ಪು, ಅದಕ್ಕೆ ಅಂಗಡಿಗೆ ಕಂಪ್ಲೇಂಟ್ ಕೊಡಿ, ತಂದುಕೊಟ್ಟವ್ರ ಸ್ಟಾರ್ ಕತ್ತರಿಸ್ಬೇಡಿ. ಸ್ಲಾಟ್ ಹೊತ್ತಲ್ಲಿ ಫೋನು ಪಕ್ಕದಲ್ಲಿಟ್ಕೊಳ್ಳಿ, ಮ್ಯಾಪಲ್ಲಿ ಗುರುತು ಸರಿಯಾಗಿ ಮನೆ ಮೇಲೇ ಇದ್ಯಾ ನೋಡಿ.

ನಿಮ್ಮ ಪತ್ರ ಓದಿದ ದಿನಾನೇ ನಾನು ಆ್ಯಪ್ ತೆಗೆದು ನಮ್ಮನೆ ಅಡ್ರೆಸ್ ಕೆಳಗಿನ ಖಾಲಿ ಜಾಗದಲ್ಲಿ ಎರಡು ಸಾಲು ಸೇರಿಸಿದೆ: 'ಎರಡನೇ ಮಹಡಿ, ಲಿಫ್ಟ್ ಇಲ್ಲ. ಭಾರದ್ದಿದ್ರೆ ಕೆಳಗಿಂದ್ಲೇ ಫೋನ್ ಮಾಡಿ, ನಾನು ಇಳಿದು ಬರ್ತೀನಿ.'